ಐದು ದಿನದಲ್ಲಿ ಕಡಲೂ ಬೇಕು, ಮಾಯಾ ಊರುಗಳೂ ಬೇಕು: ಯಾವುದನ್ನು ನೋಡೋದು, ಯಾವುದನ್ನು ಬಿಡೋದು?

ಪ್ರಶ್ನೆ: ನಾವು ಡಾಲಸ್‌ನಲ್ಲಿದ್ದೇವೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬುಧವಾರ ಹೊರಟು ಭಾನುವಾರ ವಾಪಸ್ ಬರುವ ಹಾಗೆ ಮೆಕ್ಸಿಕೋದ ಕ್ಯಾನ್‌ಕೂನ್ ಕಡೆ ಹೋಗಬೇಕು ಅಂತಿದೆ. ನಾನು, ಹೆಂಡತಿ, ಹನ್ನೊಂದು ಮತ್ತು ಆರು ವರ್ಷದ ಮಕ್ಕಳು, ಜೊತೆಗೆ ಹಾಸನದಿಂದ ಬಂದಿರುವ ಅಮ್ಮ. ಅಮ್ಮನಿಗೆ ಮಂಡಿ ನೋವು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಬೀಚ್ ಬೇಕು, ಹಿಂದಿನ ಕಾಲದ ಮಾಯಾ ಜನ ಕಟ್ಟಿದ ಪಾಳು ಊರುಗಳಾದ ತುಲೂಮ್, ಕೋಬಾ, ಚಿಚೆನ್ ಇಟ್ಸಾ ನೋಡಬೇಕು, ಜೊತೆಗೆ ಪಾಲೆಂಕೆ ಕೂಡ. ಎಲ್ಲಿ ಉಳಿಯೋದು? ಇನ್ನೊಂದು, ಪಾಸ್‌ಪೋರ್ಟಿನಲ್ಲಿರುವ ನನ್ನ ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಸ್ಟಾಂಪಿಂಗಿನ ಅವಧಿ ಮುಗಿದಿದೆ, ಎಚ್-1ಬಿಗೆ ಒಪ್ಪಿಗೆ ಕೊಟ್ಟ ಹೊಸ ಐ-797 ಪತ್ರ ಕೈಯಲ್ಲಿದೆ. ಹೋಗಬಹುದಾ?

ಉತ್ತರ:

ಕೊನೆಯಲ್ಲಿ ಕೇಳಿದ್ದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ಅದು ಬಗೆಹರಿಯದೆ ಮಿಕ್ಕಿದ್ದನ್ನು ಮಾತಾಡಿ ಪ್ರಯೋಜನ ಇಲ್ಲ.

ಸದ್ಯದ ಸ್ಥಿತಿಯಲ್ಲಿ ನೀವು ಹೊರಡುವ ಹಾಗಿಲ್ಲ. ನಮ್ಮ ಪಾಸ್‌ಪೋರ್ಟ್ ಇರುವವರನ್ನು ಮೆಕ್ಸಿಕೋ ತನ್ನ ವೀಸಾ ಇಲ್ಲದೆ ಬಿಟ್ಟುಕೊಳ್ಳುವುದು ನಿಜ. ಆದರೆ ಅದಕ್ಕೆ ಅಮೆರಿಕದ ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿರಬೇಕು, ಅದರ ಅವಧಿ ಮುಗಿದಿರಬಾರದು. ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಐ-797 ವೀಸಾ ಅಲ್ಲ, ಅದನ್ನು ತೋರಿಸಿದರೆ ಏರ್‌ಲೈನ್ ಕೌಂಟರಿನಲ್ಲೇ ವಾಪಸ್ ಕಳಿಸುತ್ತಾರೆ. ಎಷ್ಟೋ ಜನ ಎಡವುವುದು ಇಲ್ಲೇ. ಯಾಕೆಂದರೆ ಗೆಳೆಯರು ಯಾರೋ "ಮೆಕ್ಸಿಕೋಗೆ ಮೂವತ್ತು ದಿನದೊಳಗೆ ಹೋಗಿ ಬಂದರೆ ಸ್ಟಾಂಪಿಂಗ್ ಬೇಡ" ಅಂದಿರುತ್ತಾರೆ. ಆ ನಿಯಮ ಇರೋದು ಹೌದು, ಆಟೋಮ್ಯಾಟಿಕ್ ರಿವ್ಯಾಲಿಡೇಷನ್ ಅಂತಾರೆ. ಆದರೆ ಅದು ಅಮೆರಿಕಕ್ಕೆ ವಾಪಸ್ ಬರುವಾಗಿನ ಮಾತು. ಮೆಕ್ಸಿಕೋ ಒಳಗೆ ಹೋಗುವ ಮಾತಲ್ಲ. ಆದ್ದರಿಂದ ಡಾಲಸ್‌ನಲ್ಲೇ ಇರುವ ಮೆಕ್ಸಿಕೋ ಕಾನ್ಸುಲೇಟಿನಲ್ಲಿ ವಿಸಿಟರ್ ವೀಸಾಕ್ಕೆ ಇವತ್ತೇ ಅಪಾಯಿಂಟ್‌ಮೆಂಟ್ ಹುಡುಕಿ. ಅದು ಸಿಕ್ಕ ಮೇಲೆ ಟಿಕೆಟ್. ವಾಪಸ್ ಬರುವಾಗ ಹಳೆಯ ಸ್ಟಾಂಪಿಂಗ್ ಇರುವ ಪಾಸ್‌ಪೋರ್ಟ್, ಐ-797, ಚಾಲ್ತಿಯಲ್ಲಿರುವ ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಪ್ರಿಂಟ್, ಮೂರೂ ಕೈಚೀಲದಲ್ಲಿರಲಿ. ಒಮ್ಮೆ ನಿಮ್ಮ ಕಂಪನಿಯ ಲಾಯರ್‌ಗೂ ಮೇಲ್ ಹಾಕಿ ಕೇಳಿ, ನಾನು ಲಾಯರ್ ಅಲ್ಲ, ಊರು ಸುತ್ತಿಸುವವನು.

ಮನೆಯವರ ಪಾಸ್‌ಪೋರ್ಟ್‌ಗಳನ್ನೂ ಒಂದೊಂದಾಗಿ ತೆರೆದು ನೋಡಿ. ನಿಮ್ಮದು ಮುಗಿದಿದ್ದರೆ ಹೆಂಡತಿಯ ಎಚ್-4 (ಎಚ್-1ಬಿ ಇರುವವರ ಮನೆಯವರ ವೀಸಾ) ಕೂಡ ಅದೇ ದಿನ ಮುಗಿದಿರುವ ಸಾಧ್ಯತೆ ಜಾಸ್ತಿ. ಅಮ್ಮನ ಬಿ-2 ವಿಸಿಟರ್ ವೀಸಾ ಚಾಲ್ತಿಯಲ್ಲಿದ್ದು ಮಲ್ಟಿಪಲ್ ಎಂಟ್ರಿ ಇದ್ದರೆ ಅವರಿಗೆ ತೊಂದರೆ ಇಲ್ಲ. ಮನೆಯಲ್ಲಿ ಎಲ್ಲರಿಗಿಂತ ಸಲೀಸಾಗಿ ಹೊರಡೋದು ಅಮ್ಮನೇ ಆಗಬಹುದು, ನೋಡಿ!

ಸರಿ, ವೀಸಾ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ.

ನಿಮ್ಮದು ಐದು ದಿನದ ಪ್ರವಾಸ ಅಲ್ಲ, ಮೂರು ದಿನದ್ದು. ಬುಧವಾರ ವಿಮಾನಕ್ಕೆ, ಭಾನುವಾರ ವಿಮಾನಕ್ಕೆ. ಕೈಗೆ ಸಿಗೋದು ಗುರುವಾರ, ಶುಕ್ರವಾರ, ಶನಿವಾರ. ಮೊದಲ ಸಲ ಹೋದಾಗ ನಾನೂ ನಿಮ್ಮ ಹಾಗೇ ಪಟ್ಟಿ ಹಿಡಿದು ಹೊರಟಿದ್ದೆ. ಎರಡು ದಿನದಲ್ಲಿ ಮೂರು ಪಾಳು ಊರು ನೋಡಿದೆ. ಈಗ ನೆನಪಿರೋದು ಹೆದ್ದಾರಿ, ಪೆಟ್ರೋಲ್ ಬಂಕು, ಮತ್ತೆ ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ಮಲಗಿದ್ದ ಮಗ. ಹಾಗಾಗಿ ನನ್ನ ಲೆಕ್ಕ ಇಷ್ಟು: ಒಂದೇ ಕಡೆ ಉಳಿಯಿರಿ, ಎರಡು ಊರು ನೋಡಿ, ನಡುವೆ ಒಂದು ದಿನ ಪೂರ್ತಿ ಕಡಲಿಗೆ ಬಿಡಿ.

ಪಾಲೆಂಕೆ ಆಸೆ ಕೈಬಿಡಿ. ಅದು ಚಿಯಾಪಾಸ್ ರಾಜ್ಯದಲ್ಲಿದೆ, ಕ್ಯಾನ್‌ಕೂನಿನಿಂದ ಎಂಟುನೂರು ಕಿಲೋಮೀಟರಿಗೂ ಜಾಸ್ತಿ. 2023ರ ಡಿಸೆಂಬರಿನಲ್ಲಿ ಶುರುವಾದ ಮಾಯಾ ರೈಲು ಅಲ್ಲಿಗೂ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ, ಆದರೆ ಈ ಸಲಕ್ಕೆ ಬೇಡ.

ಚಿಚೆನ್ ಇಟ್ಸಾ ವಿಚಾರಕ್ಕೆ ನೀವು ನನ್ನ ಮೇಲೆ ಸಿಟ್ಟಾಗಬಹುದು. ನಾಲ್ಕೂ ಕಡೆ ತೊಂಬತ್ತೊಂದು ಮೆಟ್ಟಿಲು, ಮೇಲಿನದೊಂದು ಸೇರಿಸಿದರೆ 365 ಆಗುವ ಆ ಕುಕುಲ್ಕಾನ್ ಪಿರಮಿಡ್ಡು, ಕೆಳಗೆ ನಿಂತು ಚಪ್ಪಾಳೆ ತಟ್ಟಿದರೆ ಹಕ್ಕಿ ಕೂಗಿದ ಹಾಗೆ ಬರುವ ಮಾರ್ದನಿ, 168 ಮೀಟರ್ ಉದ್ದದ ಚೆಂಡಾಟದ ಅಂಗಳ, ಎಲ್ಲವೂ ನೋಡಬೇಕಾದ್ದೇ. ಆದರೆ ನಿಮ್ಮ ಜೊತೆ ಯಾರಿದ್ದಾರೆ ಅಂತ ನೋಡಿ. ಹೋಗಿ ಬರುವುದಕ್ಕೇ ನಾಲ್ಕೂವರೆ ಐದು ಗಂಟೆ ಬೇಕು. ಒಳಗೆ ದೊಡ್ಡ ಬಯಲು, ನೆರಳು ಕಡಿಮೆ. ಹತ್ತು ಗಂಟೆಗೆ ಕ್ಯಾನ್‌ಕೂನಿನ ಬಸ್ಸುಗಳು ಸಾಲಾಗಿ ಬಂದು ಜನ ಸುರಿಯುತ್ತಾರೆ, ಥ್ಯಾಂಕ್ಸ್‌ಗಿವಿಂಗ್ ವಾರ ಬೇರೆ. ಪಿರಮಿಡ್ ಹತ್ತುವುದಕ್ಕೆ ಬಿಡುವುದನ್ನು ನಿಲ್ಲಿಸಿ ಎಷ್ಟೋ ವರ್ಷ ಆಯಿತು. ಪಿರಮಿಡ್ಡಿನ ಮೆಟ್ಟಿಲ ಬದಿಯಲ್ಲಿ ನೆರಳು ಸರ್ಪದ ಹಾಗೆ ಇಳಿದು ಬರುವ ಆಟ ಕಾಣೋದು ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಹಗಲು ರಾತ್ರಿ ಸಮ ಇರುವ ದಿನಗಳ ಆಸುಪಾಸು. ನವೆಂಬರಿನಲ್ಲಿ ಇಲ್ಲ. ಮಂಡಿ ನೋವಿನ ಅಮ್ಮ ಆ ಬಿಸಿಲಲ್ಲಿ ಎಲ್ಲಿ ಕೂರುತ್ತಾರೆ, ಹೇಳಿ?

ಆಗಲ್ಲ, ಚಿಚೆನ್ ನೋಡಲೇಬೇಕು ಅನ್ನುವುದಾದರೆ ಒಂದು ರಾತ್ರಿ ವಾಯದೊಲಿದ್ ಊರಿನಲ್ಲಿ ಉಳಿಯಿರಿ. ಬಣ್ಣ ಬಣ್ಣದ ಗೋಡೆಗಳ ಹಳೆಯ ಊರು, ಅಲ್ಲಿಂದ ಚಿಚೆನ್‌ಗೆ ಮುಕ್ಕಾಲು ಗಂಟೆ ಅಷ್ಟೇ. ಎಂಟಕ್ಕೆ ಬಾಗಿಲು ತೆಗೆಯುವಾಗ ಅಲ್ಲಿದ್ದು ಹತ್ತಕ್ಕೆ ಹೊರಗೆ ಬಂದುಬಿಡಿ. ಇದರಲ್ಲಿ ಒಂದು ಗಡಿಯಾರದ ತಮಾಷೆಯೂ ಇದೆ. ಕ್ಯಾನ್‌ಕೂನ್ ಇರುವ ಕಿಂತಾನಾ ರೋ ರಾಜ್ಯದ ಗಡಿಯಾರ, ಚಿಚೆನ್ ಇರುವ ಯುಕತಾನ್ ರಾಜ್ಯಕ್ಕಿಂತ ಒಂದು ಗಂಟೆ ಮುಂದೆ. ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಒಂದು ಗಂಟೆ ನಷ್ಟ. ಸಂಜೆ ವಿಮಾನ ಇಟ್ಟುಕೊಂಡು ಈ ಲೆಕ್ಕ ಮರೆತವರ ಪಾಡು ಕೇಳಬೇಡಿ. ಆದರೆ ಹೀಗೆ ಮಾಡಿದರೆ ನಿಮ್ಮ ಮೂರು ದಿನದಲ್ಲಿ ಒಂದು ಕಡಲ ದಿನ ಹೋಯಿತು. ಆಯ್ಕೆ ನಿಮ್ಮದು. ನಾನಾದರೆ ನಿಮ್ಮ ಅಮ್ಮನನ್ನು ಕೋಬಾಕ್ಕೆ ಕರೆದುಕೊಂಡು ಹೋಗುತ್ತೇನೆ.

ಕೋಬಾ ಯಾಕೆ? ಒಂದು, ನೆರಳು. ಊರು ಪೂರ್ತಿ ಕಾಡಿನೊಳಗಿದೆ. ಇನ್ನೊಂದು, ಸೈಕಲ್ ರಿಕ್ಷಾ. ಬಾಗಿಲಿನಿಂದ ದೊಡ್ಡ ಪಿರಮಿಡ್ಡಿಗೆ ಸುಮಾರು ಎರಡು ಕಿಲೋಮೀಟರ್ ಇದೆ. ಒಳಗೆ ಬಾಡಿಗೆ ಸೈಕಲ್ಲೂ ಸಿಗುತ್ತದೆ, ಮುಂದೆ ಇಬ್ಬರು ಕೂರುವ, ಹಿಂದಿನಿಂದ ಒಬ್ಬರು ತುಳಿಯುವ ಮೂರು ಚಕ್ರದ ಗಾಡಿಯೂ ಸಿಗುತ್ತದೆ. ಅಮ್ಮ ಮತ್ತು ಚಿಕ್ಕವರು ಗಾಡಿಯಲ್ಲಿ, ನೀವು ಮೂವರು ಸೈಕಲ್ಲಿನಲ್ಲಿ. ಮಕ್ಕಳಿಗೆ ಪಿರಮಿಡ್ ಮರೆತುಹೋದರೂ ಕಾಡಿನಲ್ಲಿ ಸೈಕಲ್ ಹೊಡೆದದ್ದು ಮರೆಯುವುದಿಲ್ಲ. ಅವರು ಸೈಕಲ್ ಹೊಡೆಯುವ ಆ ಅಗಲವಾದ ದಾರಿ ಇದೆಯಲ್ಲ, ಅಂಥ ದಾರಿಗೆ ಮಾಯಾ ಜನ ಸಾಕ್‌ಬೆ ಅನ್ನುತ್ತಿದ್ದರು, ಅಂದರೆ ಬಿಳಿ ದಾರಿ. ಕಲ್ಲು ತುಂಬಿ ಎತ್ತರಿಸಿ ಮೇಲೆ ಸುಣ್ಣದ ಗಾರೆ ಬಳಿದ ರಸ್ತೆಗಳು. ಕೋಬಾದಿಂದ ಅಂಥ ಎಷ್ಟೋ ರಸ್ತೆಗಳು ಹೊರಡುತ್ತವೆ, ಅದರಲ್ಲಿ ಒಂದು ಯಾಶುನಾ ಅನ್ನುವ ಊರಿನವರೆಗೆ ನೂರು ಕಿಲೋಮೀಟರ್ ಹೋಗುತ್ತದೆ. ಗಾಡಿ ಇಲ್ಲ, ಎಳೆಯುವ ಎತ್ತು ಕುದುರೆ ಇಲ್ಲ, ಬರೀ ಕಾಲ್ನಡಿಗೆಯ ಜನ ಕಟ್ಟಿಕೊಂಡ ಹೆದ್ದಾರಿ.

ಪಿರಮಿಡ್ಡಿನ ಹೆಸರು ನೊಹೊಚ್ ಮುಲ್, ಸುಮಾರು 42 ಮೀಟರ್ ಎತ್ತರ, ಚಿಚೆನ್‌ನದಕ್ಕಿಂತ ದೊಡ್ಡದು. ಹತ್ತುವ ಯೋಚನೆ ಇಟ್ಟುಕೊಳ್ಳದೆ ಹೋಗಿ, ಕೆಳಗಿನಿಂದ ನೋಡುವುದಕ್ಕೇ ಅದು ಸಾಕಷ್ಟಿದೆ. ಅದಕ್ಕಿಂತ ನನಗೆ ಇಷ್ಟವಾದ್ದು ಅಲ್ಲಿ ಹುಲ್ಲಿನ ಮಾಡುಗಳ ಕೆಳಗೆ ನಿಂತಿರುವ ಕೆತ್ತನೆಯ ಕಲ್ಲುಗಳು. ನಮ್ಮ ಶಾಸನ, ವೀರಗಲ್ಲು ನೋಡಿ ಬೆಳೆದವರಿಗೆ ಅವು ಅಪರಿಚಿತ ಅನ್ನಿಸುವುದಿಲ್ಲ. ಮಳೆಗೆ ಸವೆದು ಸವೆದು ಮುಖಗಳು ಕಾಣುವುದಿಲ್ಲ, ಆದರೆ ನಿಂತಿರುವ ಠೀವಿ ಹಾಗೇ ಇದೆ. ಒಂದು ಕಲ್ಲಿನ ಮೇಲೆ ಮಾಯಾ ಕಾಲಗಣನೆಯ ಶುರುವಿನ ದಿನ ಕೆತ್ತಿದ್ದಾರೆ. ನಮ್ಮ ಕ್ಯಾಲೆಂಡರಿಗೆ ತಂದರೆ ಅದು ಕ್ರಿಸ್ತಪೂರ್ವ 3114ರ ಆಗಸ್ಟ್ ಆಗುತ್ತದೆ. ಕಲಿಯುಗ ಶುರುವಾದ್ದು ಕ್ರಿಸ್ತಪೂರ್ವ 3102ರಲ್ಲಿ ಅಂತ ನಮ್ಮ ಪಂಚಾಂಗದ ಲೆಕ್ಕ. ಹನ್ನೆರಡೇ ವರ್ಷದ ವ್ಯತ್ಯಾಸ! ಇದನ್ನು ಹೇಳಿದ ಕೂಡಲೇ ಯಾರಾದರೊಬ್ಬರು ಮಯಾಸುರನನ್ನು ಎಳೆದು ತರುತ್ತಾರೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ, ಅದು ಕಾಕತಾಳೀಯ ಅಷ್ಟೇ. ನಮ್ಮ ಮಯನಿಗೂ ಈ ಮಾಯಾ ಜನಕ್ಕೂ ಹೆಸರು ಒಂದೇ ಥರ ಕೇಳಿಸುತ್ತದೆ ಅನ್ನುವುದು ಬಿಟ್ಟರೆ ಬೇರೆ ಸಂಬಂಧ ಇಲ್ಲ. ಹಾಗೇ ಸೋಮನಾಥಪುರದ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಇರೋದು ಮುಸುಕಿನ ಜೋಳದ ತೆನೆ, ಅದು ಅಲ್ಲಿಂದಲೇ ಬಂದದ್ದು ಅನ್ನುವ ವಾದವೂ ಇದೆ. 1989ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅದನ್ನು ಬರೆದರು. ಜೋಳದ ಮೇಲೇ ಕೆಲಸ ಮಾಡಿದ್ದ ನಮ್ಮ ದೇಶದ ವಿಜ್ಞಾನಿಗಳು ಒಪ್ಪಲಿಲ್ಲ. ನನಗೂ ಅದು ತೆನೆ ಅನ್ನಿಸುವುದಿಲ್ಲ. ಊಟದ ಮೇಜಿನ ಮೇಲೆ ಜಗಳ ಆಡುವುದಕ್ಕೆ ಒಳ್ಳೆಯ ವಿಷಯ, ಅಷ್ಟೇ.

ಆದರೆ ಕಾಲದ ಅಂದಾಜಿಗೆ ನಮ್ಮ ರಾಜರು ಚೆನ್ನಾಗಿ ಉಪಯೋಗಕ್ಕೆ ಬರುತ್ತಾರೆ. ಮಕ್ಕಳಿಗೆ ನಾನು ಹೀಗೇ ಹೇಳೋದು. ಕೋಬಾ ಮೆರೆಯುತ್ತಿದ್ದಾಗ ನಮ್ಮಲ್ಲಿ ಬಾದಾಮಿಯ ಚಾಲುಕ್ಯರು, ಆಮೇಲೆ ರಾಷ್ಟ್ರಕೂಟರು. ಚಿಚೆನ್ ಇಟ್ಸಾ ಜೋರಾಗಿದ್ದದ್ದು ರಾಷ್ಟ್ರಕೂಟರು ಮತ್ತು ಕಲ್ಯಾಣದ ಚಾಲುಕ್ಯರ ಕಾಲಕ್ಕೆ. ತುಲೂಮ್ ಹೊಯ್ಸಳರ ಕೊನೆಗಾಲದಿಂದ ಹಂಪಿಯ ಕಾಲದವರೆಗೆ. ಅಮ್ಮ ಹಾಸನದವರು, ಬೇಲೂರು ಹಳೇಬೀಡು ಎಷ್ಟು ಸಲ ನೋಡಿದ್ದಾರೋ! "ಇದು ಹಳೇಬೀಡಿಗಿಂತ ಈಚೆಗಿನದು" ಅಂದರೆ ಅವರಿಗೆ ತಕ್ಷಣ ಅಳತೆ ಸಿಗುತ್ತದೆ. ಕೆತ್ತನೆಯಲ್ಲಿ ಹಳೇಬೀಡಿನ ಮುಂದೆ ತುಲೂಮ್ ಏನೂ ಅಲ್ಲ ಅಂತಲೂ ಅವರು ಹೇಳುತ್ತಾರೆ, ಅದಕ್ಕೂ ತಯಾರಾಗಿರಿ.

ಅವರು ಹೇಳೋದು ಒಂದು ರೀತಿ ಸರಿಯೇ. ತುಲೂಮಿನ ಕಟ್ಟಡಗಳು ಚಿಕ್ಕವು, ಗೋಡೆಗಳು ಸ್ವಲ್ಪ ಓರೆಕೋರೆ. ಅದರ ಚೆಂದ ಇರೋದು ಜಾಗದಲ್ಲಿ. ಸುಮಾರು ಹನ್ನೆರಡು ಮೀಟರ್ ಎತ್ತರದ ಬಂಡೆ, ಕೆಳಗೆ ಕೆರಿಬಿಯನ್ ಕಡಲು, ಆ ನೀಲಿಯನ್ನು ಫೋನು ಪೂರ್ತಿ ಹಿಡಿಯುವುದಿಲ್ಲ. ಉಳಿದ ಮೂರು ಕಡೆ ದಪ್ಪ ಕಲ್ಲಿನ ಗೋಡೆ. ತುಲೂಮ್ ಅಂದರೇ ಗೋಡೆ. ಮೊದಲಿನ ಹೆಸರು ಸಾಮಾ, ಬೆಳಗು ಅನ್ನುವ ಅರ್ಥದ್ದು, ಸೂರ್ಯ ಹುಟ್ಟುವ ಕಡಲಿಗೆ ಮುಖ ಮಾಡಿ ನಿಂತ ಊರಿಗೆ ಸರಿಯಾದ ಹೆಸರು. ಇದು ವ್ಯಾಪಾರದ ಊರು. ದೊಡ್ಡ ದೋಣಿಗಳಲ್ಲಿ ಉಪ್ಪು, ಬಟ್ಟೆ, ಜೇನು, ಕೊಕೊ ಬೀಜ, ಕನ್ನಡಿಯಂತೆ ಹೊಳೆಯುವ ಅಬ್ಸಿಡಿಯನ್ ಕಲ್ಲು ಕಡಲ ದಂಡೆಗುಂಟ ಓಡಾಡುತ್ತಿದ್ದವು. 1518ರಲ್ಲಿ ಸ್ಪೇನಿನ ಹುವಾನ್ ದೆ ಗ್ರಿಹಾಲ್ವಾ ಹಡಗಿನಲ್ಲಿ ಹಾದುಹೋದಾಗ ಈ ದಂಡೆಯ ಊರುಗಳಲ್ಲಿ ಇನ್ನೂ ಜನ ಇದ್ದರು. ಆಗ ನಮ್ಮಲ್ಲಿ ಕೃಷ್ಣದೇವರಾಯ ಆಳುತ್ತಿದ್ದ. ಒಂದು ಬಾಗಿಲ ಮೇಲೆ ತಲೆ ಕೆಳಗೆ ಕಾಲು ಮೇಲೆ ಮಾಡಿ ಇಳಿಯುತ್ತಿರುವ ದೇವರ ಮೂರ್ತಿ ಇದೆ, ಚಿಕ್ಕವರಿಗೆ ಅದನ್ನು ಹುಡುಕುವ ಕೆಲಸ ಕೊಡಿ. ಉಡಗಳ ಥರದ ಇಗ್ವಾನಾಗಳು ಕಲ್ಲಿನ ಮೇಲೆ ಬಿಸಿಲು ಕಾಯುತ್ತಾ ಮಲಗಿರುತ್ತವೆ, ಅವನ್ನು ಹುಡುಕುವ ಕೆಲಸ ಯಾರೂ ಕೊಡಬೇಕಾಗಿಲ್ಲ.

ತುಲೂಮ್‌ಗೆ ಎರಡು ಗಂಟೆ ಸಾಕು, ಆದರೆ ಬೆಳಿಗ್ಗೆ ಎಂಟಕ್ಕೇ ಹೋಗಬೇಕು. ಇದು ಜರೂರು. ಒಂಬತ್ತೂವರೆಯ ತುಲೂಮ್ ಬೇರೆ, ಎಂಟರ ತುಲೂಮ್ ಬೇರೆ. ಈಗ ಆ ಜಾಗ ಹಾಗ್ವಾರ್ ಪಾರ್ಕ್ ಅನ್ನುವ ದೊಡ್ಡ ಉದ್ಯಾನದೊಳಗೆ ಸೇರಿದೆ. ಹಾಗಾಗಿ ಪಾಳು ಊರಿನ ಟಿಕೆಟ್ ಬೇರೆ, ಪಾರ್ಕಿನದು ಬೇರೆ. ಹೆದ್ದಾರಿಯ ಬದಿಯಲ್ಲಿ ಬಾವುಟ ಬೀಸಿ ಕಾರು ನಿಲ್ಲಿಸಿ "ಪಾರ್ಕಿಂಗ್ ಇಲ್ಲೇ, ಟಿಕೆಟ್ ಇಲ್ಲೇ" ಅನ್ನುವವರಿಗೆ ನಿಲ್ಲಬೇಡಿ, ಮುಂದೆ ಹೋಗಿ. ಅಮ್ಮ ಸ್ವಲ್ಪ ನಡೆಯಬೇಕಾಗುತ್ತದೆ, ಆದರೆ ಒಳಗೆ ನೆಲ ಹೆಚ್ಚೂಕಮ್ಮಿ ಸಮ ಇದೆ. ಊರುಗೋಲು ಇದ್ದರೆ ನಾಚಿಕೆ ಪಡದೆ ತರಲಿ.

ಇನ್ನು ಎಲ್ಲಿ ಉಳಿಯೋದು. ಕ್ಯಾನ್‌ಕೂನಿನ ಹೋಟೆಲ್ ಬೀದಿ 1970ರ ಸುಮಾರಿಗೆ ಸರ್ಕಾರ ನಕ್ಷೆ ಹಾಕಿ ಕಟ್ಟಿದ್ದು, ಅದಕ್ಕೂ ಮೊದಲು ಅಲ್ಲಿದ್ದದ್ದು ಮರಳ ದಿಬ್ಬ ಮತ್ತು ಬೆರಳೆಣಿಕೆಯ ಜನ. ಊಟ ತಿಂಡಿ ಎಲ್ಲ ಸೇರಿದ ದೊಡ್ಡ ಹೋಟೆಲ್ ಬೇಕಾದರೆ ಅಲ್ಲಿ ಬೇಕಾದಷ್ಟಿವೆ. ಆದರೆ ಪೂರ್ವದ ಕಡಲಿಗೆ ಮುಖ ಮಾಡಿದ ಬೀಚುಗಳಲ್ಲಿ ಅಲೆ ಜೋರು, ಆರು ವರ್ಷದ ಮಗು ಇದ್ದರೆ ಬಾವುಟದ ಬಣ್ಣ ನೋಡಿಕೊಂಡೇ ಇಳಿಯಬೇಕು. ಕೆಂಪು ಇದ್ದರೆ ಇಳಿಯಲೇಬಾರದು. ತುಲೂಮಿನ ಬೀಚ್ ಬದಿಯ ಹೋಟೆಲುಗಳು ಫೋಟೋದಲ್ಲಿ ಸ್ವರ್ಗ, ಬಿಲ್ಲಿನಲ್ಲಿ ನರಕ. ಒಂದೇ ಕಿರಿದಾದ ರಸ್ತೆ, ಅದರ ಮೇಲೆ ಟ್ಯಾಕ್ಸಿ, ಲಾರಿ, ಸೈಕಲ್ ಎಲ್ಲವೂ. ತುಲೂಮ್ ಪೇಟೆ ಅಗ್ಗ, ಆದರೆ ಅಲ್ಲಿಂದ ಕಡಲಿಗೆ ನಡೆದು ಹೋಗುವಷ್ಟು ಹತ್ತಿರ ಅಲ್ಲ. ನಿಮ್ಮಂಥವರಿಗೆ ನಾನು ಹೇಳೋದು ಪ್ಲಾಯಾ ದೆಲ್ ಕಾರ್ಮೆನ್. ವಿಮಾನ ನಿಲ್ದಾಣದಿಂದ ಸುಮಾರು 55 ಕಿಲೋಮೀಟರ್. ತುಲೂಮ್ ಅಲ್ಲಿಂದ ಒಂದು ಗಂಟೆ, ಕೋಬಾ ಇನ್ನೊಂದು ಮುಕ್ಕಾಲು ಗಂಟೆ. ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೊಗೊಳ್ಳಿ, ಲಿಫ್ಟ್ ಇದೆಯಾ ಕೇಳಿ, ಜನಜಂಗುಳಿಯ ಐದನೇ ಅವೆನ್ಯೂದಿಂದ ಎರಡು ಮೂರು ಬೀದಿ ಆಚೆ ಇರಲಿ. ರಾತ್ರಿ ಎರಡರವರೆಗೆ ಅಲ್ಲಿ ಹಾಡು ನಿಲ್ಲುವುದಿಲ್ಲ.

ಅಡುಗೆಮನೆ ಯಾಕೆ ಅಂದೆ ಅಂದರೆ, ಅಮ್ಮನ ಊಟ. ಮೆಕ್ಸಿಕೋದಲ್ಲಿ ಸಸ್ಯಾಹಾರಿಗೆ ಮೋಸ ಆಗೋದು ಕಣ್ಣಿಗೆ ಕಾಣುವ ಮಾಂಸದಿಂದ ಅಲ್ಲ, ಕಾಣದ್ದರಿಂದ. ಬೇಯಿಸಿ ಹುರಿದು ಅರೆದ ಕಾಳಿನ ಪಲ್ಯಕ್ಕೆ ಎಷ್ಟೋ ಕಡೆ ಹಂದಿ ಕೊಬ್ಬು ಹಾಕುತ್ತಾರೆ. ಕೆಂಪಗಿನ ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ. ಬರೀ "ವೆಜಿಟೇರಿಯಾನಾ" ಅಂದರೆ ಮೀನು ತಂದಿಡುವವರೂ ಇದ್ದಾರೆ. ಆದ್ದರಿಂದ ಉದ್ದಕ್ಕೆ ಹೇಳಬೇಕು: ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ಉಎವೊ, ಸಿನ್ ಮಾಂತೆಕಾ. ಮಾಂಸ ಇಲ್ಲ, ಕೋಳಿ ಇಲ್ಲ, ಮೀನಿಲ್ಲ, ಮೊಟ್ಟೆ ಇಲ್ಲ, ಹಂದಿ ಕೊಬ್ಬಿಲ್ಲ. ಮಾಂತೆಕಾ ಅಂದರೆ ಹಂದಿ ಕೊಬ್ಬು, ಮಾಂತೆಕೀಯಾ ಅಂದರೆ ಬೆಣ್ಣೆ. ಈ ಎರಡನ್ನು ಅದಲುಬದಲು ಮಾಡಿದರೆ ಅಮ್ಮ ನಿಮ್ಮನ್ನು ಸುಮ್ನೆ ಬಿಡಲ್ಲ.

ಆದರೆ ಹೆದರಬೇಡಿ, ಅಮ್ಮನಿಗೆ ರುಚಿಸುವುದೂ ಇದೆ. ಸಿಕಿಲ್ ಪಾಕ್ ಅಂತ ಒಂದು ಮಾಯಾ ಅಡುಗೆ, ಹುರಿದ ಕುಂಬಳದ ಬೀಜ, ಸುಟ್ಟ ಟೊಮೆಟೊ, ಖಾರದ ಹಾಬನೆರೊ ಮೆಣಸಿನಕಾಯಿ ಹಾಕಿ ಅರೆದದ್ದು. ನಾವು ಅದನ್ನು ಚಟ್ನಿ ಅಂತಲೇ ಕರೆಯೋದು. ಚಾಯಾ ಅನ್ನುವ ಸೊಪ್ಪಿನ ಜ್ಯೂಸ್ ಅನಾನಸ್ ಜೊತೆ ಸಿಗುತ್ತದೆ. ತೊರ್ತಿಯಾ ಅಂಗಡಿಯಲ್ಲಿ ಬಿಸಿ ಬಿಸಿ ರೊಟ್ಟಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ, ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಸಿ ಅರೆದು ತಟ್ಟಿದ್ದು, ಒಂದು ಕಿಲೋ ತಂದರೆ ಬೆಣ್ಣೆಹಣ್ಣು, ಸೌತೆಕಾಯಿ, ಮನೆಯಿಂದ ತಂದ ಚಟ್ನಿಪುಡಿ ಹಾಕಿ ಎಲ್ಲರ ರಾತ್ರಿ ಊಟ ಮುಗಿಯಿತು. ಬೀದಿಯಲ್ಲಿ ಮಾರ್ಕೆಸೀತಾ ಸಿಗುತ್ತದೆ, ಗರಿಗರಿ ಸುರುಳಿಯೊಳಗೆ ತುರಿದ ಚೀಸು, ಮಕ್ಕಳು ಬಿಡುವುದಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಅಮ್ಮನಿಗೆ ಬೇಡ. ಅವಲಕ್ಕಿ, ಪುಡಿಗಳು, ಪ್ಯಾಕೆಟ್ ಉಪ್ಪಿಟ್ಟು ಮಿಕ್ಸ್ ತನ್ನಿ. ಹಸಿ ಹಣ್ಣು ತರಕಾರಿ, ಬಿತ್ತುವಂಥ ಬೀಜ ತರಬೇಡಿ, ಕಸ್ಟಮ್ಸ್‌ನಲ್ಲಿ ಕಿತ್ತುಕೊಳ್ಳುತ್ತಾರೆ. ನಲ್ಲಿ ನೀರು ಕುಡಿಯಬೇಡಿ.

ಕಾರು ಬೇಕಾ? ಐದು ಜನಕ್ಕೆ, ಮಂಡಿ ನೋವಿನ ಅಮ್ಮನಿಗೆ, ಬೇಕು. ಬಸ್ಸೂ ಚೆನ್ನಾಗಿದೆ, ಆದೊ ಅನ್ನುವ ಎಸಿ ಬಸ್ಸುಗಳು ವಿಮಾನ ನಿಲ್ದಾಣದಿಂದ ನೇರ ಪ್ಲಾಯಾಕ್ಕೆ ಬರುತ್ತವೆ, ಹೆದ್ದಾರಿಯಲ್ಲಿ ಕೊಲೆಕ್ತೀವೊ ಅನ್ನುವ ವ್ಯಾನುಗಳು ನಮ್ಮ ಕಡೆಯ ಟೆಂಪೊ ಥರ ಕೈ ತೋರಿಸಿದಲ್ಲಿ ನಿಲ್ಲುತ್ತವೆ. ಆದರೆ ಎಂಟಕ್ಕೆ ಕೋಬಾ ಮುಟ್ಟಬೇಕಾದರೆ ಸ್ವಂತ ಗಾಡಿಯೇ ಸರಿ. ಬಾಡಿಗೆ ಕಾರಿನಲ್ಲಿ ಒಂದು ಹೂಟ ಇದೆ. ವೆಬ್‌ಸೈಟಿನಲ್ಲಿ ದಿನಕ್ಕೆ ಕೆಲವೇ ಡಾಲರ್ ಅಂತ ತೋರಿಸುತ್ತಾರೆ, ಕೌಂಟರಿಗೆ ಹೋದ ಮೇಲೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಅಂತ ಅದರ ಎಷ್ಟೋ ಪಟ್ಟು ಕೇಳುತ್ತಾರೆ. ಅದು ಅಲ್ಲಿ ನಿಜವಾಗಿಯೂ ಕಡ್ಡಾಯ, ನಿಮ್ಮ ಕ್ರೆಡಿಟ್ ಕಾರ್ಡಿನ ಇನ್ಶೂರೆನ್ಸ್ ಅದಕ್ಕೆ ಆಗಿಬರುವುದಿಲ್ಲ. ನನಗೆ ಇದು ಗೊತ್ತಿಲ್ಲದೆ ಮೊದಲ ಸಲ ಕೌಂಟರಿನ ಹುಡುಗನ ಜೊತೆ ಅರ್ಧ ಗಂಟೆ ಜಗಳ ಆಡಿ, ಸೋತು, ದುಡ್ಡು ಕೊಟ್ಟು ಬಂದೆ. ಇನ್ಶೂರೆನ್ಸ್ ಸೇರಿದ ಒಟ್ಟು ಬೆಲೆಯನ್ನು ಮೊದಲೇ ಲಿಖಿತವಾಗಿ ತರಿಸಿಕೊಳ್ಳಿ. ಕಾರು ತೊಗೊಳ್ಳುವಾಗ ನಾಲ್ಕೂ ಕಡೆ ವಿಡಿಯೋ ಮಾಡಿ. ಬಂಕಿನಲ್ಲಿ ಮೀಟರ್ ಸೊನ್ನೆಗೆ ಬಂದಿದೆಯಾ ನೋಡಿ, ಈ ಬುದ್ಧಿ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ. ಹಳ್ಳಿ ರಸ್ತೆಯಲ್ಲಿ ತೋಪೆ ಅನ್ನುವ ಹಂಪುಗಳಿವೆ, ಬಣ್ಣ ಇಲ್ಲ, ಬೋರ್ಡ್ ಇಲ್ಲ, ನಮ್ಮೂರಿನವಕ್ಕಿಂತ ದೊಡ್ಡವು. ಸೂರ್ಯ ಆರರ ಹೊತ್ತಿಗೆ ಮುಳುಗುತ್ತಾನೆ, ಅಷ್ಟರೊಳಗೆ ಹೆದ್ದಾರಿಗೆ ಬಂದುಬಿಡಿ.

ವಿಮಾನ ನಿಲ್ದಾಣದಿಂದ ಹೊರಗೆ ಬರುವ ಮುಂಚೆ ಒಂದು ಸಾಲು ಕೌಂಟರು ಸಿಗುತ್ತದೆ. ನಗುನಗುತ್ತಾ "ಟ್ಯಾಕ್ಸಿ? ನಿಮ್ಮ ಹೋಟೆಲ್ ಯಾವುದು?" ಅನ್ನುತ್ತಾರೆ. ಅವರು ಟೈಮ್‌ಶೇರ್, ಅಂದರೆ ರೆಸಾರ್ಟಿನಲ್ಲಿ ವರ್ಷಕ್ಕೆ ಇಷ್ಟು ದಿನ ಅಂತ ಪಾಲು, ಮಾರುವವರು. ತಲೆ ಎತ್ತದೆ ನಡೆದುಬಿಡಿ.

ಕಡಲಿನ ವಿಚಾರಕ್ಕೆ ನಿಮ್ಮ ತಿಂಗಳು ಒಳ್ಳೆಯದು. ಬಿರುಗಾಳಿಯ ಕಾಲ ಜೂನ್ ಒಂದರಿಂದ ನವೆಂಬರ್ ಮೂವತ್ತು, ನೀವು ಅದರ ಬಾಲದಲ್ಲಿದ್ದೀರಿ. ಇನ್ನೊಂದು ಪೀಡೆ ಸರ್ಗಾಸಮ್. ಕಂದು ಬಣ್ಣದ ಕಡಲಪಾಚಿ, 2011ರಿಂದ ಈಚೆಗೆ ಅಟ್ಲಾಂಟಿಕ್ ಕಡೆಯಿಂದ ರಾಶಿ ರಾಶಿ ತೇಲಿ ಬಂದು ದಂಡೆಯಲ್ಲಿ ಕೊಳೆತು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಅದರ ಹಾವಳಿ ವಸಂತದಿಂದ ಬೇಸಿಗೆಯವರೆಗೆ. ನವೆಂಬರಿನಲ್ಲಿ ಸಾಮಾನ್ಯವಾಗಿ ಕಡಿಮೆ. ಏಪ್ರಿಲ್ಲಿಗೋ ಜುಲೈಗೋ ಹೋಗುವ ಯೋಚನೆ ಇದ್ದಿದ್ದರೆ ಬೀಚ್ ನಂಬಿ ಹೋಗಬೇಡಿ ಅಂತಲೇ ಹೇಳುತ್ತಿದ್ದೆ.

ಹಾಗಾದರೆ ಮೂರು ದಿನ. ಗುರುವಾರ ಬೆಳಿಗ್ಗೆ ತುಲೂಮ್, ಹತ್ತೂವರೆಗೆ ಹೊರಗೆ. ವಾಪಸ್ ಬರುವ ದಾರಿಯಲ್ಲಿ ಸೆನೋಟೆ ಅಸುಲ್ ಅಂತ ಒಂದಿದೆ, ಅಲ್ಲಿ ಇಳಿಯಿರಿ. ಸೆನೋಟೆ ಅಂದರೆ ನೆಲ ಕುಸಿದು ಆದ ಸಿಹಿನೀರಿನ ಕೊಳ. ಈ ಯುಕತಾನ್ ಪರ್ಯಾಯ ದ್ವೀಪ ಪೂರ್ತಿ ಸುಣ್ಣದ ಕಲ್ಲು, ಮಳೆ ನೀರು ಸೋರಿ ಒಳಗಿಳಿದುಬಿಡುತ್ತದೆ, ಹಾಗಾಗಿ ಮೇಲೆ ಹೇಳಿಕೊಳ್ಳುವಂಥ ನದಿಯೇ ಇಲ್ಲ, ಎಲ್ಲ ನೆಲದಡಿಯಲ್ಲೇ ಹರಿಯುತ್ತದೆ. ಮಾಯಾ ಊರುಗಳಿಗೆ ಕುಡಿಯುವ ನೀರು ಈ ಕೊಳಗಳೇ, ದೇವರ ಬಾಗಿಲೂ ಇವೇ. ಅಸುಲ್ ತೆರೆದ ಕೊಳ, ಅಂಚಿನಲ್ಲಿ ಆಳ ಇಲ್ಲ, ಗುಹೆಯ ಮೆಟ್ಟಿಲು ಇಳಿಯಬೇಕಾಗಿಲ್ಲ, ಅಮ್ಮ ದಡದಲ್ಲಿ ಕೂತು ಕಾಲು ನೀರಿಗೆ ಬಿಟ್ಟುಕೊಳ್ಳಬಹುದು. ಪುಟ್ಟ ಮೀನುಗಳು ಬಂದು ಕಾಲಿಗೆ ಮುತ್ತಿಡುತ್ತವೆ. ಸನ್‌ಸ್ಕ್ರೀನ್ ಹಚ್ಚಿಕೊಂಡು ಇಳಿಯಬಾರದು, ಮೊದಲು ಸ್ನಾನ ಮಾಡಿಸುತ್ತಾರೆ, ಇದರ ಮೇಲೆ ಗೊಣಗಬೇಡಿ, ಅದು ಅವರ ಕುಡಿಯುವ ನೀರಿಗೂ ಸೇರುತ್ತದೆ. ಚಿಕ್ಕವರಿಗೆ ಲೈಫ್ ಜಾಕೆಟ್ ಕಡ್ಡಾಯ ಅಂತ ನೀವೇ ಮಾಡಿಕೊಳ್ಳಿ.

ಶುಕ್ರವಾರ ಎಲ್ಲೂ ಹೋಗಬೇಡಿ. ಹೆಚ್ಚೆಂದರೆ ಅಕುಮಾಲ್ ಕೊಲ್ಲಿ. ಹೆಸರಿನ ಅರ್ಥವೇ ಆಮೆಗಳ ಜಾಗ, ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುವುದರಿಂದ ನೀರು ತಣ್ಣಗಿರುತ್ತದೆ, ಅಂದರೆ ಶಾಂತವಾಗಿರುತ್ತದೆ ಅಂತ ಅರ್ಥ, ಚಳಿ ಅಲ್ಲ. ಗೈಡ್ ಜೊತೆ ದೊಡ್ಡವರು ಆಮೆ ನೋಡಿ ಬರಲಿ, ಮುಟ್ಟುವ ಹಾಗಿಲ್ಲ. ಗುರುವಾರ ಮಳೆ ಬಂದರೆ ಶುಕ್ರವಾರಕ್ಕೆ ಅದಲುಬದಲು ಮಾಡಿಕೊಳ್ಳಲು ಈ ಖಾಲಿ ದಿನ ಉಪಯೋಗಕ್ಕೆ ಬರುತ್ತದೆ.

ಶನಿವಾರ ಕೋಬಾ. ಬೆಳಿಗ್ಗೆ ಆರಕ್ಕೆ ಹೊರಡಿ, ಬುತ್ತಿ ಕಟ್ಟಿಕೊಳ್ಳಿ, ಸೊಳ್ಳೆಗೆ ಹಚ್ಚುವುದು ಮರೆಯಬೇಡಿ, ಟಿಕೆಟ್ಟಿಗೂ ರಿಕ್ಷಾದವರಿಗೂ ಪೆಸೊ ನೋಟುಗಳೇ ಇರಲಿ, ಕಾರ್ಡು ಡಾಲರು ನಂಬಬೇಡಿ. ಭಾನುವಾರಕ್ಕೆ ಇದನ್ನು ತಳ್ಳಬೇಡಿ, ಭಾನುವಾರ ಆ ದೇಶದವರಿಗೆ ಸರ್ಕಾರಿ ಪಾಳು ಊರುಗಳಿಗೆ ಪ್ರವೇಶ ಬಿಟ್ಟಿ, ಜಾತ್ರೆ ಆಗಿರುತ್ತದೆ. ರಿಕ್ಷಾ ತುಳಿಯುವವರಲ್ಲಿ ಸುತ್ತಲ ಮಾಯಾ ಹಳ್ಳಿಗಳವರೇ ಜಾಸ್ತಿ, ತಮ್ಮೊಳಗೆ ಅವರು ಮಾತಾಡುವುದು ಸ್ಪ್ಯಾನಿಷ್ ಅಲ್ಲ, ಯುಕತೆಕ್ ಮಾಯಾ. ಮಾಯಾ ಜನ ಮಾಯವಾಗಿ ಹೋದರು ಅಂತ ಬರೆದಿರುವ ಫಲಕಗಳನ್ನು ಓದಿದ ಮೇಲೆ ಇವರ ಮಾತು ಕೇಳಿಸಿಕೊಳ್ಳುವುದು ಚೆನ್ನ. ಇಳಿಯುವಾಗ ಮಕ್ಕಳ ಕೈಲಿ "ದಿಯೋಸ್ ಬೋತಿಕ್" ಅನ್ನಿಸಿ. ಥ್ಯಾಂಕ್ಸ್ ಅಂತ.

ಇನ್ನೊಂದು ಮಾತು, ಅಮ್ಮನಿಗೆ. ಈ ಕಾಡಿನಲ್ಲಿ ಕೆಲವು ದೊಡ್ಡ ಮರಗಳ ಕಾಂಡದ ಮೇಲೆ ಬಾಣದ ಗುರುತಿನ ಹಾಗೆ ಹಳೆಯ ಕತ್ತಿಯ ಗಾಯಗಳು ಕಾಣುತ್ತವೆ. ಚೂಯಿಂಗ್ ಗಮ್ ಮಾಡುವುದಕ್ಕೆ ಅಂಟು ಇಳಿಸಿದ ಗುರುತು ಅದು. ಮಾಯಾ ಜನ ಗುಡಿಯ ಬಾಗಿಲ ಮೇಲಿನ ತೊಲೆಗೂ ಇದೇ ಮರ ಹಾಕುತ್ತಿದ್ದರು, ಸಾವಿರ ವರ್ಷವಾದರೂ ಕೆಲವು ಕಡೆ ಆ ತೊಲೆಗಳು ಉಳಿದಿವೆ. ಮರದ ಹತ್ತಿರ ರಿಕ್ಷಾ ನಿಲ್ಲಿಸಿ, ಎಲೆ ನೋಡಿ ಯಾವ ಮರ ಹೇಳಿ ಅಂತ ಅಮ್ಮನನ್ನೇ ಕೇಳಿ. ನಿಮ್ಮ ಹಿತ್ತಲಿನಲ್ಲಿ ಒಂದಿದ್ದರೂ ಇರಬಹುದು. ಸಪೋಟ.